ಜ್ವಾಲಾಮುಖಿಯ ಮಡಿಲಲ್ಲಿ ಎಂಟು ರಾತ್ರಿ

ಕೊಡಪಾನದ ನೀರಿಗಿಂತ ಆಳವಾದ ನೀರನ್ನು ಎಂದೂ ನಂಬದ ಹೆಂಗಸು ನಾನು. ಮದುವೆಯಾಗಿ ಕುಮಟೆಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಮನೆಯಿಂದ ಅರ್ಧ ಗಂಟೆ ನಡೆದರೆ ಸಮುದ್ರ. ನೆಂಟರಿಷ್ಟರು ಬಂದಾಗ ಕರೆದುಕೊಂಡು ಹೋಗುತ್ತೇನೆ, ಸೀರೆಯ ನೆರಿಗೆ ಎತ್ತಿ ಹಿಡಿದು ಹಿಮ್ಮಡಿ ನೆನೆಯುವಷ್ಟು ನಿಲ್ಲುತ್ತೇನೆ, ಅಷ್ಟೇ. ಅಂಥವಳು 2024ರ ಅಕ್ಟೋಬರ್ ತಿಂಗಳಲ್ಲಿ ಇಂಡೋನೇಷ್ಯಾದ ಬಾಂಡಾ ಸಮುದ್ರದ ನಡುವೆ, ಮರದ ಹಡಗಿನಲ್ಲಿ ಎಂಟು ರಾತ್ರಿ ಮಲಗಿ ಎದ್ದು ಬಂದೆ ಎಂದರೆ ನೀವು ನಂಬುತ್ತೀರಾ? ನಮ್ಮ ಓಣಿಯವರೇ ಇನ್ನೂ ಪೂರ್ತಿ ನಂಬಿಲ್ಲ.

ನನ್ನ ಹೆದರಿಕೆಗೆ ಕಾರಣವಿದೆ. ಆಗ ನನಗೆ ಹನ್ನೊಂದು ವರ್ಷ, ನನ್ನ ತಮ್ಮನಿಗೆ ಎಂಟು. ಒಂದು ಮಧ್ಯಾಹ್ನ ತವರಿನ ತೋಟದ ಕೆಳಗಿನ ಹೊಳೆಗೆ ಒಬ್ಬನೇ ಹೋದವನು ತಿರುಗಿ ಬರಲಿಲ್ಲ. ದಡದ ಕಲ್ಲಿನ ಮೇಲೆ ಅವನ ಅಂಗಿ ಮಡಿಸಿಟ್ಟಿದ್ದು ಹಾಗೇ ಇತ್ತು. ಆಮೇಲೆ ಅಮ್ಮ ಹೊಳೆಯ ಕಡೆಯ ದಣಪೆಗೆ ಮುಳ್ಳು ಕಟ್ಟಿಸಿದಳು. ನಮ್ಮ ಮನೆಯಲ್ಲಿ ಯಾರೂ ಈಜು ಕಲಿಯಲಿಲ್ಲ. ನಾನೂ ನನ್ನ ಒಬ್ಬಳೇ ಮಗಳಿಗೆ ಅದೇ ಪಾಠ ಹೇಳಿ ಬೆಳೆಸಿದೆ. ನೀರು ಎಂದರೆ ದೂರ.

ಮಗಳು ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. ಒಮ್ಮೆ ರಜೆಗೆ ಬಂದಾಗ ಅವಳ ಮೊಬೈಲಿನಲ್ಲಿ ಒಂದು ಫೋಟೋ ಕಂಡಿತು. ಬೆನ್ನಿಗೆ ಸಿಲಿಂಡರ್ ಕಟ್ಟಿ, ಮೂಗಿನವರೆಗೂ ಗಾಜು ಹಾಕಿಕೊಂಡು, ಸುತ್ತಮುತ್ತ ಮೀನು ತುಂಬಿಕೊಂಡು ನಿಂತ ಒಂದು ಆಕಾರ. "ಯಾರೇ ಇದು?" ಎಂದೆ. "ನಾನೇ ಅಮ್ಮಾ" ಎಂದಳು. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದಲ್ಲಿ ತೆಗೆದದ್ದಂತೆ. ಬೆಂಗಳೂರಿನಲ್ಲಿ ಈಜು ಕಲಿತು, ನಮ್ಮ ಮನೆ ಬಾಗಿಲನ್ನು ದಾಟಿಕೊಂಡೇ ಮುರುಡೇಶ್ವರಕ್ಕೆ ಹೋಗಿ, ನನಗೆ ಗೊತ್ತಾಗದಂತೆ ಸಮುದ್ರಕ್ಕೆ ಇಳಿದಿದ್ದಳು! ಎರಡು ತಿಂಗಳು ನಾನು ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಅವಳು ಕೆಟ್ಟದ್ದೇನೂ ಮಾಡಿರಲಿಲ್ಲ, ಅದು ನನಗೂ ಗೊತ್ತಿತ್ತು. ಆದರೆ ಕಣ್ಣು ಮುಚ್ಚಿದರೆ ಆ ಕಲ್ಲು, ಆ ಅಂಗಿ.

ಆಮೇಲೆ ಅವಳು ಮೂರು ವರ್ಷ ದುಡ್ಡು ಕೂಡಿಟ್ಟು, ಗೆಳತಿಯೊಬ್ಬಳ ಜೊತೆ ಬಾಂಡಾ ದ್ವೀಪಗಳಿಗೆ ಹೊರಟಳು. ಹೊರಡಲು ಎರಡು ತಿಂಗಳಿರುವಾಗ ಗೆಳತಿ ಬಿದ್ದು ಕಾಲು ಮುರಿದುಕೊಂಡಳು. ಕಟ್ಟಿದ ಹಣ ವಾಪಸು ಬರುವುದಿಲ್ಲ, ಆದರೆ ಬದಲಿಗೆ ಬೇರೆಯವರು ಬರಬಹುದು, ನೀರಿಗೆ ಇಳಿಯಲೇಬೇಕೆಂದಿಲ್ಲ ಎಂದರಂತೆ. "ಅಮ್ಮಾ, ನೀನೇ ಬಾ" ಎಂದಳು. ಅಷ್ಟು ಹಣ ನೀರುಪಾಲಾಗುತ್ತದಲ್ಲ ಎಂದು ಹೊರಟೆ ಅಂತ ಎಲ್ಲರಿಗೂ ಹೇಳಿದೆ. ಸೋದರಿಯರೇ, ನಿಮಗೆ ಮಾತ್ರ ನಿಜ ಹೇಳುತ್ತೇನೆ. ಏನಾದರೂ ಆದರೆ ನಾನು ಹತ್ತಿರ ಇರಬೇಕು, ಅದಕ್ಕೇ ಹೋದೆ.

ಬೆಂಗಳೂರಿನಿಂದ ಸಿಂಗಾಪುರ, ಅಲ್ಲಿಂದ ಜಕಾರ್ತಾ, ಅಲ್ಲಿಂದ ಅಂಬೋನ್ ಎಂಬ ಊರು. ಅಂಬೋನ್ ಬಂದರಿನಲ್ಲಿ ನಮ್ಮ ಹಡಗು ನಿಂತಿತ್ತು. ಎರಡು ಪಟಸ್ತಂಭದ ಮರದ ಹಡಗು, ಪಿನಿಸಿ ಎನ್ನುತ್ತಾರೆ. ಸುಲಾವೇಸಿ ದ್ವೀಪದ ಬಡಗಿಗಳು ತಲೆತಲಾಂತರದಿಂದ ಕಟ್ಟುತ್ತ ಬಂದ ಈ ಹಡಗುಗಳ ಕಲೆಯನ್ನು 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಲಾಗಿದೆ. ನಾವು ಹೋಗುವ ದ್ವೀಪಗಳಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಹಾಗಿಲ್ಲ. ಅಂಬೋನ್‌ನಿಂದ ಬಾಂಡಾವೇ ಸುಮಾರು 200 ಕಿ.ಮೀ. ದೂರ. ಅದಕ್ಕೇ ಊಟ, ನಿದ್ರೆ, ಸ್ನಾನ ಎಲ್ಲ ಹಡಗಿನಲ್ಲೇ. ರಾತ್ರಿ ಹಡಗು ಸಾಗುತ್ತದೆ, ಹಗಲು ನಿಂತಲ್ಲಿ ಮುಳುಗುತ್ತಾರೆ. ಹದಿನಾಲ್ಕು ಜನ ಪ್ರಯಾಣಿಕರು, ಅವರಲ್ಲಿ ಮುಳುಗದವಳು ನಾನೊಬ್ಬಳೇ.

ಊಟದ್ದು ಏನು ಮಾಡಿದಿರಿ ಎಂದು ನೀವು ಕೇಳುವ ಮುಂಚೆ ಹೇಳಿಬಿಡುತ್ತೇನೆ. ಅನ್ನ, ತೆಂಗಿನ ಹಾಲಿನ ಪಲ್ಯ, ಸೋಯಾ ಕಾಳನ್ನು ಹುದುಗು ಬರಿಸಿ ಮಾಡುವ ತೆಂಪೆ, ಬೇಯಿಸಿದ ತರಕಾರಿಗೆ ಶೇಂಗಾ ಗೊಜ್ಜು, ಇವೆಲ್ಲ ನಮ್ಮ ನಾಲಿಗೆಗೆ ಹೊಂದುತ್ತವೆ. ಸಸ್ಯಾಹಾರಿಗಳು ಒಂದು ಎಚ್ಚರ ವಹಿಸಬೇಕು. ಅಲ್ಲಿಯ ಖಾರದ ಚಟ್ನಿಗೆ ಸಾಮಾನ್ಯವಾಗಿ ಸೀಗಡಿ ಹಾಕಿರುತ್ತಾರೆ, ಮೊದಲೇ ಕೇಳಿ. ನಾನು ಒಯ್ದ ಹಪ್ಪಳ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ ಮೂರನೇ ದಿನಕ್ಕೇ ಖಾಲಿ. ತಿಂದವರು ಬಿಳಿಯರು!

ಮೊದಲ ದಿನ ನಾನು ಕೈಕಟ್ಟಿ ಕುಳಿತು ಈ ಮುಳುಗುವವರ ಕಾರುಬಾರು ನೋಡಿದೆ. ಬೆನ್ನಿನ ಸಿಲಿಂಡರಿನಲ್ಲಿ ಆಮ್ಲಜನಕ ಇರುತ್ತದೆಂದು ನಾನು ತಿಳಿದಿದ್ದೆ. ಅಲ್ಲ, ಸಾಮಾನ್ಯವಾಗಿ ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮುಳ್ಳು ಇದೆ, 200ರಲ್ಲಿ ಶುರುವಾದದ್ದು 50ಕ್ಕೆ ಬರುವ ಹೊತ್ತಿಗೆ ಮೇಲೆ ಬಂದಿರಬೇಕು. ಒಬ್ಬರೇ ಇಳಿಯುವ ಹಾಗಿಲ್ಲ, ಜೋಡಿ ಬೇಕೇ ಬೇಕು. ಇಳಿಯುವ ಮುಂಚೆ ಅವರ ಪಟ್ಟಿ ಇವರು, ಇವರ ಪಟ್ಟಿ ಅವರು ಎಳೆದು ನೋಡುತ್ತಾರೆ. ತನ್ನ ಗಾಳಿ ತೀರಿದರೆ ಉಸಿರಾಡಲು ಜೊತೆಯವರ ಹತ್ತಿರ ಇನ್ನೊಂದು ನಳಿಗೆ ಇರುತ್ತದೆ.

ಮೇಲೆ ಬರುವಾಗ ಅವಸರ ಕೂಡದು. ಗೋಲಿ ಸೋಡಾ ಒಡೆದಾಗ ಗುಳ್ಳೆ ಬುಸ್ಸೆಂದು ಏಳುತ್ತದಲ್ಲ, ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕವೂ ಮೈಯಲ್ಲಿ ಹಾಗೇ ಕರಗಿರುತ್ತದಂತೆ. ಗಡಬಡಿಸಿ ಮೇಲೆ ಬಂದರೆ ಅದು ಗುಳ್ಳೆಯಾಗಿ ಕೀಲು, ನರಗಳಿಗೆ ಅಪಾಯ. ಅದಕ್ಕೇ ನಿಧಾನವಾಗಿ ಏರಿ, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು, ಆಮೇಲೆ ಹೊರಗೆ ಬರುತ್ತಾರೆ. ವಿಮಾನ ಹತ್ತುವ ಹಿಂದಿನ ದಿನ ಮುಳುಗುವುದೇ ಇಲ್ಲ. ನನ್ನ ಮಗಳು, ಮನೆಯಲ್ಲಿ ಹಾಲಿನ ಪಾತ್ರೆ ಒಲೆ ಮೇಲಿಟ್ಟು ಮರೆಯುವ ಹುಡುಗಿ, ಇದನ್ನೆಲ್ಲ ದೇವರ ಪೂಜೆಯಷ್ಟು ಶ್ರದ್ಧೆಯಿಂದ ಮಾಡುತ್ತಿದ್ದಳು.

ಮರುದಿನ ಬೆಳಗಾಗುವಾಗ ಬಾಂಡಾ ತಲುಪಿದೆವು. ಪುಟ್ಟ ಪುಟ್ಟ ಹತ್ತು ಹನ್ನೊಂದು ದ್ವೀಪಗಳು. ನಡುವೆ ಸುಮಾರು 600 ಮೀಟರ್ ಎತ್ತರದ ಗುನುಂಗ್ ಆಪಿ, ಎಂದರೆ ಬೆಂಕಿಬೆಟ್ಟ. ಬಾಣಲೆಯಲ್ಲಿ ಹಿಟ್ಟು ಸುರಿದ ಹಾಗೆ ಚೂಪಾಗಿ ನಿಂತಿದೆ. ಎದುರಿಗೇ ನೇರಾ ಎಂಬ ಊರು, ಡಚ್ಚರ ಕೋಟೆ, ಹೆಂಚಿನ ಮನೆಗಳು.

ಬಾಂಡಾ ಬೆಸಾರ್ ದ್ವೀಪದ ತೋಟಕ್ಕೆ ಹೋದಾಗ ನನಗೆ ಕಾಲು ಕದಲಲಿಲ್ಲ. ಅದು ಜಾಯಿಕಾಯಿ ತೋಟ! ದೊಡ್ಡ ದೊಡ್ಡ ಕೆನಾರಿ ಮರಗಳ ನೆರಳಲ್ಲಿ, ಬಿರಿದ ಹಳದಿ ಕಾಯಿ, ಒಳಗೆ ಕೆಂಪು ಜಾಪತ್ರೆ. ನನ್ನ ತವರಿನ ಅಡಿಕೆ ತೋಟದಲ್ಲೂ ಎರಡು ಮರ ಇವೆ, ಹೋಳಿಗೆ ಹೂರಣಕ್ಕೆ ಅಮ್ಮ ಅದನ್ನೇ ತೇಯುತ್ತಾಳೆ. ಒಂದು ಕಾಲಕ್ಕೆ ಇಡೀ ಜಗತ್ತಿಗೆ ಜಾಯಿಕಾಯಿ ಹೋಗುತ್ತಿದ್ದದ್ದು ಈ ಚುಕ್ಕಿಯಂಥ ದ್ವೀಪಗಳಿಂದ ಮಾತ್ರ. ಅದರ ಆಸೆಗೆ 1621ರಲ್ಲಿ ಡಚ್ಚರು ಇಲ್ಲಿಯ ಜನರನ್ನು ಕೊಂದು, ಹಸಿವಿನಿಂದ ಸಾಯಿಸಿ, ಗುಲಾಮರಾಗಿ ಸಾಗಿಸಿದರು. ಹದಿನೈದು ಸಾವಿರದಷ್ಟಿದ್ದ ಜನರಲ್ಲಿ ಸಾವಿರದಷ್ಟು ಉಳಿದರೆಂದು ಅಂದಾಜು. ಪಕ್ಕದ ರುನ್ ದ್ವೀಪದ ಮೇಲಿನ ಹಕ್ಕನ್ನು ಇಂಗ್ಲಿಷರು 1667ರಲ್ಲಿ ಡಚ್ಚರಿಗೆ ಬಿಟ್ಟುಕೊಟ್ಟು, ಅಮೆರಿಕದ ಮ್ಯಾನ್‌ಹಟನ್ ಅನ್ನು ಉಳಿಸಿಕೊಂಡರು. ನಂತರ ಇಂಗ್ಲಿಷರು ಇಲ್ಲಿಂದ ಸಸಿ ಒಯ್ದು ಬೇರೆ ಕಡೆ ಬೆಳೆಸಿದರು. ನಾವು ಚಿಟಿಕೆ ಲೆಕ್ಕದಲ್ಲಿ ಹಾಕುವ ಪದಾರ್ಥದ ಹಿಂದೆ ಇಷ್ಟು ಕಣ್ಣೀರು ಇದೆಯೆಂದು ನನಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಜಾಪತ್ರೆ ಒಣಗಿಸುತ್ತಿದ್ದ ಹೆಂಗಸೊಬ್ಬಳು ಜಾಯಿಕಾಯಿ ಸಿಪ್ಪೆಯ ಸಕ್ಕರೆ ಮಿಠಾಯಿ ಕೊಟ್ಟಳು. ನಾವು ಅದೇ ಸಿಪ್ಪೆಯ ಉಪ್ಪಿನಕಾಯಿ ಹಾಕುತ್ತೇವೆಂದು ಕೈಸನ್ನೆಯಲ್ಲಿ ತೋರಿಸಿದೆ. ಅವಳಿಗೆ ಅರ್ಥವಾಯಿತು, ನಕ್ಕಳು.

ನಾಲ್ಕನೇ ದಿನ ಮನುಕ್ ಎಂಬ ದ್ವೀಪ. ಅದೂ ಜ್ವಾಲಾಮುಖಿಯೇ. ಮನುಷ್ಯರಿಲ್ಲ, ನೆತ್ತಿಯಲ್ಲಿ ಗಂಧಕದ ಹೊಗೆ, ಸಾವಿರಾರು ಹಕ್ಕಿ, ನೀರಿನಲ್ಲಿ ಹಾವು. ಕೈಯಷ್ಟು ದಪ್ಪದ ಪಟ್ಟೆ ಹಾವುಗಳು ಹಡಗಿನ ಪಕ್ಕದಲ್ಲೇ ಮೇಲೆ ಬಂದು, ಒಂದು ಗುಟುಕು ಗಾಳಿ ಕುಡಿದು, ಮತ್ತೆ ಇಳಿಯುತ್ತಿದ್ದವು. ವಿಷ ಭಯಂಕರ, ಆದರೆ ನಾವಾಗಿ ಕೆಣಕದಿದ್ದರೆ ಸಾಧಾರಣವಾಗಿ ಕಚ್ಚುವುದಿಲ್ಲವೆಂದರು. ಸುತ್ತಿಗೆಯಂಥ ತಲೆಯ ಶಾರ್ಕ್‌ಗಳು ಸಿಗುವ ಸಮಯ ಅದು. ಮಗಳು, ಅವಳ ಜೋಡಿ, ಮಾರ್ಗದರ್ಶಕ, ಮೂವರೂ ಬೆಳಿಗ್ಗೆ ಏಳಕ್ಕೆ ಇಳಿದರು.

ಎಂದಿನಂತೆ ಎಂಟಕ್ಕೆ ಬರಬೇಕು. ಎಂಟಾಯಿತು. ಉಳಿದವರೆಲ್ಲ ಬಂದು ಚಹಾ ಕುಡಿಯತೊಡಗಿದರು. ಎಂಟೂ ಕಾಲಾಯಿತು. ಹಡಗಿನವರು ದುರ್ಬೀನು ತೆಗೆದರು, ಸಣ್ಣ ದೋಣಿ ದ್ವೀಪದ ಮೂಲೆ ತಿರುಗಿ ಹೋಯಿತು. ಯಾರೂ ನನಗೆ ಏನೂ ಹೇಳಲಿಲ್ಲ. ಗಂಡಸರು ಪಿಸುಗುಟ್ಟಿದರೆ ಅದು ಏನೆಂದು ಹೆಂಗಸರಿಗೆ ತಿಳಿಯುತ್ತದೆ, ಭಾಷೆ ಬೇಕಾಗಿಲ್ಲ. ನನ್ನ ಕೈಯಲ್ಲಿ ಅವಳ ಒಣ ಟವೆಲ್ ಇತ್ತು. ಮಡಿಸಿದ ಟವೆಲ್. ಅದನ್ನು ಗಮನಿಸಿದಾಗ ನನಗೆ ಕಾಲಲ್ಲಿ ಶಕ್ತಿ ಉಳಿಯಲಿಲ್ಲ, ಅಲ್ಲೇ ಕುಸಿದು ಕೂತೆ. ಅಮ್ಮ ಅಂದು ಹೊಳೆಯ ದಡದಲ್ಲಿ ಹೇಗೆ ಕೂತಿದ್ದಳೋ ಹಾಗೆ.

ಎಂಟೂವರೆಗೆ ದೋಣಿ ಬಂತು. ಮೂವರೂ ಇದ್ದರು. ಕೆಳಗಿನ ಸೆಳೆತ ದ್ವೀಪದ ಆ ಕಡೆಗೆ ಎಳೆದುಕೊಂಡು ಹೋಗಿತ್ತಂತೆ. ಅವರು ಸೆಳೆತದ ಜೊತೆ ಜಗಳಾಡದೆ, ಒಟ್ಟಿಗೇ ಇದ್ದು, ನಿಯಮದಂತೆ ನಿಂತು ನಿಂತು ಮೇಲೆ ಬಂದು, ಆಳೆತ್ತರದ ಕಿತ್ತಳೆ ಬಣ್ಣದ ಕೊಳವೆಗೆ ಗಾಳಿ ತುಂಬಿ ಎತ್ತಿ ಹಿಡಿದು ತೇಲುತ್ತಿದ್ದರು. ಅದನ್ನೇ ನೋಡಿ ದೋಣಿಯವನು ಹೋದದ್ದು.

ನಾನು ಅವಳ ಕೆನ್ನೆಗೆ ಹೊಡೆದೆ. ಇಪ್ಪತ್ತೈದು ವರ್ಷದ ಮಗಳಿಗೆ, ಅಷ್ಟು ಜನರ ಎದುರು. ಆಮೇಲೆ ತಬ್ಬಿಕೊಂಡು ಅತ್ತೆ. ಅವಳು ಸಿಟ್ಟಾಗಲಿಲ್ಲ. ಪಕ್ಕದಲ್ಲಿ ಕೂತು, ತನ್ನ ಗಾಳಿಯ ಮುಳ್ಳು ತೋರಿಸಿದಳು. ಇನ್ನೂ 60 ಇತ್ತು. "ಅಮ್ಮಾ, ಮಾವನಿಗೆ ನೀರು ಗೊತ್ತಿರಲಿಲ್ಲ, ಜೊತೆಗೂ ಯಾರೂ ಇರಲಿಲ್ಲ. ನನಗೆ ನೀರೂ ಗೊತ್ತು, ಜೊತೆಯೂ ಇದೆ" ಎಂದಳು.

ಆ ರಾತ್ರಿ ನಿದ್ರೆ ಬರಲಿಲ್ಲ. ಮೂವತ್ತೈದು ವರ್ಷ ನಾವು ಹೊಳೆಯನ್ನು ಬೈದೆವು, ದಣಪೆಗೆ ಮುಳ್ಳು ಕಟ್ಟಿದೆವು. ಆದರೆ ಆ ಮನೆಯ ಒಂದು ಮಗುವಿಗೂ ಈಜು ಕಲಿಸಲಿಲ್ಲ. ಮುಳ್ಳು ದಾಟಿ ಇನ್ನೊಂದು ಮಗು ಹೋಗಿದ್ದರೆ? ನಾನು ಇಷ್ಟು ವರ್ಷ ಎಚ್ಚರಿಕೆ ಎಂದುಕೊಂಡದ್ದು ಬರೀ ಹೆದರಿಕೆಯಾಗಿತ್ತು. ಎಚ್ಚರಿಕೆ ಎಂದರೆ ಏನೆಂದು ಹಡಗಿನ ಮೇಲೆ ಆ ಹುಡುಗ ಹುಡುಗಿಯರು ಪಟ್ಟಿ ಎಳೆದೆಳೆದು ನೋಡುವುದರಲ್ಲಿ ಕಂಡೆ.

ಹಿಂತಿರುಗುವಾಗ ಮತ್ತೆ ಬಾಂಡಾದಲ್ಲಿ ನಿಂತೆವು. ಬೆಂಕಿಬೆಟ್ಟ 1988ರ ಮೇ ತಿಂಗಳಲ್ಲಿ ಸಿಡಿದು, ಕರಗಿದ ಕಲ್ಲು ಸಮುದ್ರಕ್ಕೆ ಹರಿದು, ಆ ಜಾಗದ ಹವಳವನ್ನೆಲ್ಲ ಸುಟ್ಟು ಮುಚ್ಚಿಹಾಕಿತ್ತು. ಐದು ವರ್ಷ ಬಿಟ್ಟು ವಿಜ್ಞಾನಿಗಳು ನೋಡಿದರೆ ಅದೇ ಕಪ್ಪು ಕಲ್ಲಿನ ಮೇಲೆ ನೂರಕ್ಕೂ ಹೆಚ್ಚು ಜಾತಿಯ ಹವಳ! ದಡದ ಹತ್ತಿರವೇ, ಮೇಲಿನಿಂದಲೇ ಕಾಣುತ್ತದೆ ಎಂದರು. "ನಾನೂ ನೋಡುತ್ತೇನೆ" ಎಂದೆ. ಮಗಳು ನನ್ನ ಮುಖವನ್ನೇ ನೋಡಿದಳು.

ಚೂಡಿದಾರದ ಮೇಲೆ ತೇಲುವ ಜಾಕೀಟು ತೊಡಿಸಿ, ಪಟ್ಟಿಗಳನ್ನು ಎಳೆದು ನೋಡಿ, ಗಾಜು ಹಾಕಿ, ಬಾಯಿಗೆ ನಳಿಗೆ ಕೊಟ್ಟರು. ಒಂದು ಕೈಯಲ್ಲಿ ತೇಲುವ ಬಳೆ, ಇನ್ನೊಂದು ಕೈ ಮಗಳ ಕೈಯಲ್ಲಿ. ಎರಡು ಸಲ ಉಪ್ಪುನೀರು ಕುಡಿದು ಕೂಗಿಕೊಂಡೆ. "ಬಾಯಿಂದ ನಿಧಾನ ಉಸಿರಾಡು, ಬಿಡುವಾಗ ಪೂರ್ತಿ ಬಿಡು" ಎಂದಳು. ಮೂರನೇ ಸಲ ಮುಖ ಇಳಿಸಿದೆ.

ಏನೆಂದು ಹೇಳಲಿ! ಊಟದ ಬಾಳೆ ಹಾಸಿದ ಹಾಗೆ ಹಂತಹಂತವಾಗಿ ಅಗಲ ಅಗಲ ಹವಳದ ತಟ್ಟೆಗಳು. ಅವುಗಳ ನಡುವೆ ನೀಲಿ, ಹಳದಿ ಮೀನು ಚೆಲ್ಲಿದ ಅಕ್ಷತೆಯ ಹಾಗೆ. ಎಲ್ಲೋ ಒಂದು ಸಂದಿಯಲ್ಲಿ ಕಪ್ಪು ಕಲ್ಲು ಕಂಡಿತು, ಅಷ್ಟೇ. ಹೊರಗಿನ ಸದ್ದಿಲ್ಲ, ನನ್ನ ಉಸಿರಿನ ಸದ್ದು ಮಾತ್ರ. ಹತ್ತು ನಿಮಿಷ ಇದ್ದೆನಂತೆ. ಹೊರಗೆ ಬಂದ ಮೇಲೆ ಗಾಜಿನೊಳಗೆ ನೀರಿತ್ತು, ಸಮುದ್ರದ್ದಲ್ಲ.

ಊರಿಗೆ ಬಂದವಳೇ ತವರಿಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಬಾಂಡಾದ ಜಾಪತ್ರೆ ಕೈಗೆ ಕೊಟ್ಟೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ನೀರು ತಣ್ಣಗಿತ್ತೇನೆ?" "ಇಲ್ಲಮ್ಮ, ಬೆಚ್ಚಗಿತ್ತು" ಎಂದೆ.

ಸೋದರಿಯರೇ, ಹಡಗು ಹತ್ತಿ ದ್ವೀಪಕ್ಕೆ ಹೋಗಿ ಎಂದು ನಾನು ಹೇಳುವುದಿಲ್ಲ, ಅದು ಎಲ್ಲರ ಕೈಗೆಟುಕುವ ಮಾತಲ್ಲ. ಆದರೆ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಗೊತ್ತಿದ್ದವರಿಂದ ಈಜು ಕಲಿಸಿ. ಒಬ್ಬರೇ ನೀರಿಗೆ ಇಳಿಯಬಾರದೆಂದು ಕಲಿಸಿ. 2025ರ ಬೇಸಿಗೆ ರಜೆಯಲ್ಲಿ ಅಣ್ಣನ ಹತ್ತು ವರ್ಷದ ಕಿರಿಮಗ ಅದೇ ಹೊಳೆಯಲ್ಲಿ, ಎದೆಮಟ್ಟದ ನೀರಿನಲ್ಲಿ, ನನ್ನ ಮಗಳ ಕೈ ಹಿಡಿದು ಈಜು ಕಲಿತ. ಮುಳ್ಳು ತೆಗೆಸಿದವಳು ಅಮ್ಮನೇ. ಅವನು ಕಲಿತು ಮುಗಿಸುವ ತನಕ ದಿನಾಲೂ ದಡದಲ್ಲಿ, ಅವನ ಅಂಗಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತಿರುತ್ತಿದ್ದಳು.