ಜೇಡಗಳ ನೀರುಗಂಟಿ

ಜೂನ್ 9, 2024, ಭಾನುವಾರ. ಟೂಸಾನ್, ಅರಿಜೋನಾ

ಮಗಳು ಬೆಳಗಿನ ಜಾವವೇ ಹೊರಟಳು. ಫ್ಲಾಗ್‌ಸ್ಟಾಫ್ ಆಚೆಯ ಕಾಡಿನಲ್ಲಿ ಎರಡು ವಾರ ಮಣ್ಣಿನ ತೇವ ಅಳೆಯುವ ಕೆಲಸ. ಅಲ್ಲಿ ಫೋನು ಸಿಕ್ಕರೆ ಸಿಕ್ಕಿತು. ಮನೆಯಲ್ಲಿ ಉಳಿದವರು ನಾನು ಮತ್ತು ಮೂರು ಟರಂಟುಲಾ. ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಾಳೆ. ನನ್ನ ಊಟದ ಬಗ್ಗೆ ಎರಡು ಸಾಲು, ಜೇಡಗಳ ನೀರಿನ ಬಗ್ಗೆ ಪುಟ ತುಂಬ.

ಕಿಟಕಿ ಪಕ್ಕದ ಕಪಾಟಿನಲ್ಲಿ ಮೂರು ಪೆಟ್ಟಿಗೆ. ಒಂದರಲ್ಲಿ ಇದೇ ಮರುಭೂಮಿಯ ಹೆಣ್ಣು, ಗೋಧಿ ಬಣ್ಣ, ಕಾಲು ಚಾಚಿದರೆ ಅಂಗೈಯಗಲ. ಈ ಜಾತಿಯ ಹೆಣ್ಣುಗಳು ಇಪ್ಪತ್ತು ವರ್ಷ ದಾಟಿಯೂ ಬದುಕುತ್ತವಂತೆ, ಅದಕ್ಕೇ ಇವಳ ಹೆಸರು ಅಜ್ಜಿ. ಇನ್ನೊಂದು ಮೆಕ್ಸಿಕೋದ ಕೆಂಪು ಮಂಡಿಯ ಜಾತಿ. ಇನ್ನೂ ಎಳೆಯದು, ಹೆಸರು ಕೆಂಪಮ್ಮ. ಮೂರನೆಯದು ಮಾರ್ಟಿನೀಕ್ ದ್ವೀಪದ ಮರದ ಜೇಡದ ಮರಿ. ಉಗುರಿನಷ್ಟಿದೆ, ಬಣ್ಣ ಮಾತ್ರ ನವಿಲುಗರಿಯ ನೀಲಿ. ದೊಡ್ಡದಾದ ಮೇಲೆ ಈ ನೀಲಿ ಹೋಗುತ್ತದೆಯಂತೆ.

ಅಜ್ಜಿಗೆ ಒಣ ಮಣ್ಣು, ಒಂದು ಬಟ್ಟಲು ನೀರು. ಕೆಂಪಮ್ಮನಿಗೆ ಸೋಡಾ ಬಾಟಲಿಯ ಮುಚ್ಚಳದಲ್ಲಿ ನೀರು, ಜೊತೆಗೆ ಪೆಟ್ಟಿಗೆಯ ಒಂದು ಮೂಲೆಯ ಮಣ್ಣಿಗೆ ಸ್ವಲ್ಪ ತೇವ. ನೀಲಿ ಮರಿ ಬಟ್ಟಲಿಗೆ ಇಳಿಯುವುದಿಲ್ಲ. ಅದರ ಬಲೆಯ ಅಂಚಿಗೆ ಎರಡು ಮೂರು ಹನಿ ಬಿಟ್ಟರೆ ಅಲ್ಲೇ ಕುಡಿಯುತ್ತದೆ, ಆದರೆ ಗಾಳಿಯಾಡಬೇಕು, ಬೂಷ್ಟು ಕಟ್ಟಬಾರದು. ಚೀಟಿಯ ಕೊನೆಗೆ ದಪ್ಪ ಅಕ್ಷರದಲ್ಲಿ: "ಅಪ್ಪ, ಸ್ಪ್ರೇ ಮಾಡಬೇಡ. ಸ್ಪಾಂಜ್ ಇಡಬೇಡ. ನೀರು ತುಂಬಿಸು, ಬಿಟ್ಟುಬಿಡು."

ಸಂಜೆ ತಿಪಟೂರಿನಿಂದ ಹೆಂಡತಿಯ ಫೋನು. "ಅಲ್ಲಾ ರೀ, ಮೂವತ್ತೆರಡು ವರ್ಷ ಇಲಾಖೇಲಿ ಕೆರೆ ನೋಡ್ಕೊಂಡು, ಈಗ ಹುಳಕ್ಕೆ ನೀರು ಕುಡಿಸೋಕೆ ಅಮೆರಿಕಕ್ಕೆ ಹೋದ್ರಾ?"

ನಮ್ಮ ತಾತ ಊರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವುದು. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಕಾಳು ಬರುತ್ತಿತ್ತು. ಕೆಲಸ ಬದಲಾಗಿಲ್ಲ ಎಂದೆ. ಅವಳು ನಕ್ಕಳು.

ಜೂನ್ 11, ಮಂಗಳವಾರ

ಹೊರಗೆ ನಲವತ್ತು ಡಿಗ್ರಿ ದಾಟಿದೆ. ಕಿಟಕಿಯ ಬಿಸಿಲು ತಾಗೀತೆಂದು ಪೆಟ್ಟಿಗೆಗಳನ್ನು ಎಸಿ ಗಾಳಿ ಬೀಳುವ ಮೇಜಿಗೆ ಸಾಗಿಸಿದೆ. ಅಜ್ಜಿಯನ್ನು ನೋಡಿ ಪಾಪ ಅನಿಸಿತು. ಗಿಡಕ್ಕೆ ಹೊಡೆಯುವ ಬಾಟಲಿಯಿಂದ ಎರಡೇ ಸಲ ನೀರು ಚಿಮುಕಿಸಿದೆ, ಅಷ್ಟೇ. ಹಿಂಗಾಲಿನಿಂದ ಬೆನ್ನಿನ ರೋಮ ಕೆರೆದು ನನ್ನ ಕಡೆಗೆ ತೂರಿದಳು. ಮುಂಗೈ ತುಂಬ ನಸುಗುನ್ನಿ ಕಾಯಿ ತಾಗಿದ ತುರಿಕೆ. ರಾತ್ರಿ ಎರಡರವರೆಗೆ ಕೆರೆದುಕೊಂಡೆ.

ಚೀಟಿಯ ಹಿಂಬದಿಯಲ್ಲೂ ಬರೆದಿದ್ದಾಳೆ, ನಾನೇ ತಿರುಗಿಸಿ ನೋಡಿರಲಿಲ್ಲ. ಈ ಜೇಡಗಳು ಬಿಲದ ತಂಪಿನಲ್ಲಿ ಕೂರುವಂಥವು, ತಿಂದ ಹುಳದ ರಸದಲ್ಲೇ ಬಹುಪಾಲು ನೀರು ಸಿಗುತ್ತದೆ, ಮೈಮೇಲೆ ನೀರು ಬಿದ್ದರೆ ಹಿಡಿಸುವುದಿಲ್ಲ. ಸ್ಪಾಂಜ್ ಹಳೇ ಕಾಲದ ಅಂಗಡಿಯವರ ರೂಢಿ. ಜೇಡ ಬಟ್ಟಲಲ್ಲಿ ಮುಳುಗೀತೆಂಬ ಭಯಕ್ಕೆ ಇಡುತ್ತಿದ್ದರು. ಮುಳುಗುವುದಿಲ್ಲ, ಅದರ ರೋಮ ನೀರನ್ನು ಹತ್ತಿರ ಸೇರಿಸುವುದಿಲ್ಲ. ಸ್ಪಾಂಜ್ ಮಾತ್ರ ಕೊಳೆತು ನಾರುತ್ತದೆ.

ಜೂನ್ 14, ಶುಕ್ರವಾರ

ಅಜ್ಜಿಯ ಬಟ್ಟಲಿನೊಳಗೆ ಪೆನ್ಸಿಲ್‌ನಲ್ಲಿ ಗೇಜ್ ಗೀಟು ಎಳೆದಿದ್ದೇನೆ. ಅಭ್ಯಾಸ ಬಿಡದು. ಎರಡು ದಿನಕ್ಕೆ ಅರ್ಧ ಬಟ್ಟಲು ಆವಿ. ಇಳಿದ ಕಡೆಯಲ್ಲೆಲ್ಲ ಬಿಳಿ ಸುಣ್ಣದ ಗೆರೆ.

ಈ ನಲ್ಲಿಯ ನೀರು ಬರುವ ದಾರಿಯನ್ನು ಮಗಳು ಹೋದ ವಾರ ನಕ್ಷೆಯಲ್ಲಿ ತೋರಿಸಿದ್ದಳು. ಕೊಲರಾಡೋ ನದಿಯಿಂದ 336 ಮೈಲಿ ಕಾಲುವೆ. 1973ರಲ್ಲಿ ಹಿಡಿದ ಕೆಲಸ ಮುಗಿದದ್ದು 1993ಕ್ಕೆ. ದಾರಿಯಲ್ಲಿ ಪಂಪುಗಳು ನೀರನ್ನು ಒಟ್ಟು 2,900 ಅಡಿ ಮೇಲೆತ್ತುತ್ತವೆ. ಊರ ಪಶ್ಚಿಮದ ಬಯಲಿನಲ್ಲಿ ಅದನ್ನು ನೆಲಕ್ಕೆ ಇಂಗಿಸಿ, ಮತ್ತೆ ಬಾವಿಯಿಂದ ಎತ್ತಿ ಮನೆಗಳಿಗೆ ಕೊಡುತ್ತಾರೆ. ಇಷ್ಟೆಲ್ಲ ಆಗಿ ಬಂದ ನೀರಿಗೆ ಅಜ್ಜಿ ಐದು ದಿನದಿಂದ ಮೂತಿ ಇಟ್ಟಿರಲಿಲ್ಲ.

ಇವತ್ತು ರಾತ್ರಿ ಇಟ್ಟಳು. ಮುಂಗಾಲೆರಡನ್ನೂ ಅಂಚಿನಾಚೆ ಚಾಚಿ, ಸಾಷ್ಟಾಂಗ ಬಿದ್ದ ಹಾಗೆ, ಬಾಯನ್ನು ನೀರಿಗೆ ಒತ್ತಿ ಕೂತಳು. ಹೀರುವುದೆಲ್ಲ ಒಳಗಿನ ಜಠರದ ಕೆಲಸ, ಹೊರಗೆ ಅಲ್ಲಾಟವೇ ಇಲ್ಲ. ಇಪ್ಪತ್ತು ನಿಮಿಷ ನಾನೂ ಅಲ್ಲಾಡಲಿಲ್ಲ.

ಜೂನ್ 15, ಶನಿವಾರ

ಸರ್ಕಾರಿ ಲೆಕ್ಕದಲ್ಲಿ ಇಲ್ಲಿ ಇವತ್ತು ಮುಂಗಾರು ಶುರು. ಮೊದಲೆಲ್ಲ ಗಾಳಿಯ ಇಬ್ಬನಿ ಬಿಂದು ಮೂರು ದಿನ ಸತತ 54 ಫ್ಯಾರನ್‌ಹೀಟ್ ಮುಟ್ಟಬೇಕಿತ್ತಂತೆ, 2008ರಿಂದ ತಾರೀಕೇ ನಿಗದಿ. ಮೋಡದ ಚೂರೂ ಇಲ್ಲ.

ಜೂನ್ 18, ಮಂಗಳವಾರ

ಬರೆಯಲು ಮನಸ್ಸಿಲ್ಲ, ಬರೆಯುತ್ತೇನೆ.

ಬೆಳಿಗ್ಗೆ ಕೆಂಪಮ್ಮ ಎಂಟೂ ಕಾಲನ್ನು ಮೈಯ ಕೆಳಗೆ ಮಡಚಿಕೊಂಡು ಬಿದ್ದಿದ್ದಳು. ಹೊಟ್ಟೆ ಒಣದ್ರಾಕ್ಷಿಯ ಹಾಗೆ ಸುಕ್ಕು. ಮುಚ್ಚಳ ನೋಡಿದೆ. ಮೊದಲ ದಿನದಿಂದ ಅದು ಕಪ್ಪಗೆ ಕಾಣುತ್ತಿತ್ತು, ತೇವವಿದೆ ಎಂದುಕೊಂಡು ನೀರು ಸುರಿದು ಬರುತ್ತಿದ್ದೆ. ಬೆರಳಿಟ್ಟರೆ ಬರೀ ನಾರಿನ ಪುಡಿ, ಖಡಕ್ ಒಣಗಿದೆ. ಅವಳೇ ದಿನಾ ರಾತ್ರಿ ಮಣ್ಣು ತಂದು ತಂದು ತುಂಬಿದ್ದಾಳೆ, ಮೇಲೆ ನೂಲೂ ಎಳೆದಿದ್ದಾಳೆ. ಅಂಚಿನ ಮೇಲೆ ಹಾದ ನಾರು, ದೀಪದ ಬತ್ತಿ ಎಣ್ಣೆ ಎಳೆಯುವಂತೆ ನೀರನ್ನೆಲ್ಲ ಹೊರಗೆಳೆದಿದೆ. ಎಸಿ ಗಾಳಿ ಉಳಿದದ್ದನ್ನು ನೋಡಿಕೊಂಡಿದೆ. ಆ ಗಾಳಿಗೆ ಪೆಟ್ಟಿಗೆ ಒಡ್ಡಿದವನೂ ನಾನೇ. ಮೂಲೆಯ ತೇವದ ಮಾತು ಮರೆತೇ ಹೋಗಿತ್ತು.

ಹೂಳು! ಮೂವತ್ತೆರಡು ವರ್ಷ ಹೂಳೆತ್ತುವ ಅಂದಾಜು ಪಟ್ಟಿ ಬರೆದವನಿಗೆ ಮುಚ್ಚಳದ ಹೂಳು ಕಾಣಲಿಲ್ಲ. ಮಣ್ಣೂ ನಮ್ಮ ಕಡೆಯದೇ ಇದ್ದಂತಿದೆ, ತೆಂಗಿನ ಸಿಪ್ಪೆಯ ನಾರು. ತಿಪಟೂರಿನಲ್ಲಿ ದಾರಿ ಬದಿ ಬಿದ್ದಿರುವುದನ್ನು ಇಲ್ಲಿ ಇಟ್ಟಿಗೆ ಮಾಡಿ ಮಾರುತ್ತಾರೆ.

ಜೇಡಕ್ಕೆ ಕಾಲು ಮಡಚಲು ಸ್ನಾಯು ಉಂಟು. ಚಾಚಲು, ಮುಖ್ಯವಾದ ಎರಡು ಕೀಲುಗಳಲ್ಲಿ, ಇಲ್ಲ. ಮೈಯ ದ್ರವವನ್ನು ಒತ್ತಿ ಕಾಲಿಗೆ ನುಗ್ಗಿಸಿಯೇ ಚಾಚಬೇಕು, ಜೆಸಿಬಿಯ ತೋಳಿನ ಹಾಗೆ. ದ್ರವ ಇಳಿದರೆ ಒತ್ತಡವಿಲ್ಲ, ಕಾಲು ತಾನಾಗಿ ಒಳಗೆ ಸುರುಟಿಕೊಳ್ಳುತ್ತದೆ. ಇಂಥದ್ದಕ್ಕೂ ಚೀಟಿಯಲ್ಲಿ ಒಂದು ಸಾಲಿತ್ತು: ಮೂತಿಯನ್ನು ನೀರಿಗೆ ತಾಗಿಸು, ಹೊಟ್ಟೆ ಒಣನೆಲದ ಮೇಲಿರಲಿ, ಉಸಿರಾಡುವ ಸೀಳುಗಳು ಅದರಡಿಯಲ್ಲಿವೆ.

ಉಪ್ಪಿನಕಾಯಿ ಬಡಿಸುವ ಚಿಕ್ಕ ತಟ್ಟೆಯಲ್ಲಿ ಒಂದು ಬೆರಳು ಗೆರೆಯಷ್ಟು ನೀರು. ಮಗಳ ಬಣ್ಣದ ಕುಂಚದಿಂದ ಮೆಲ್ಲಗೆ ನೂಕಿ ಅಂಚಿಗೆ ಒರಗಿಸಿದೆ. ಕೈ ನಡುಗಿತು. ಅರ್ಧ ಗಂಟೆ ಏನೂ ಇಲ್ಲ. ಹನ್ನೊಂದೂವರೆಗೆ ಎಡಗಡೆಯ ಒಂದು ಕಾಲು ಕೂದಲೆಳೆಯಷ್ಟು ಸರಿಯಿತು. ನನ್ನ ಉಸಿರು ತಾಗಿದ್ದೋ ಏನೋ. ಒಂದು ಗಂಟೆಗೆ ಎರಡು ಕಾಲು ಹೊರಗಿದ್ದವು.

ಜೂನ್ 20, ಗುರುವಾರ

ಹೊಟ್ಟೆ ತುಂಬಿದೆ, ಸುಕ್ಕಿಲ್ಲ. ನಡೆಯುತ್ತಾಳೆ. ಪೆಟ್ಟಿಗೆಗಳು ಕಪಾಟಿಗೆ ವಾಪಸು, ಕಿಟಕಿಗೆ ಪರದೆ. ನೀಲಿ ಮರಿಗೆ ಎಂದಿನಂತೆ ಎರಡು ಹನಿ. ಮುಚ್ಚಳದ ಬದಲು ಎತ್ತರ ಅಂಚಿನ ಸಣ್ಣ ಪಿಂಗಾಣಿ ಬಟ್ಟಲು ಹುಡುಕಿ, ಕೆಳಗೆ ಚಪ್ಪಟೆ ಕಲ್ಲು ಕೊಟ್ಟೆ. ಇನ್ನು ಕಣ್ಣಿನಲ್ಲಿ ನೋಡುವುದಿಲ್ಲ, ದಿನಾ ಬೆರಳಿಟ್ಟೇ ನೋಡುವುದು.

ಜೂನ್ 22, ಶನಿವಾರ

ಮಗಳು ಬಂದಳು. ಬ್ಯಾಗು ಇಳಿಸುವ ಮೊದಲೇ ಕಪಾಟಿನ ಹತ್ತಿರ ಹೋದಳು.

"ಕೆಂಪಮ್ಮನ ಬಟ್ಟಲು ಯಾಕಪ್ಪ ಇಷ್ಟು ಎತ್ತರ?"

"ಏರಿ ಎತ್ತರಿಸಿದೆ."

"ಒಳ್ಳೇದಾಯ್ತು. ಮುಚ್ಚಳಕ್ಕೆ ಯಾವಾಗಲೂ ಮಣ್ಣು ತುಂಬ್ತಿತ್ತು, ಬರೆಯೋದು ಮರೆತಿದ್ದೆ."

ಉಳಿದದ್ದನ್ನು ಹೇಳಿಲ್ಲ. ನಾಳೆ ತಿಂಡಿ ಆದ ಮೇಲೆ ಹೇಳಬೇಕು. ಮಲಗುವ ಮುಂಚೆ ಟಾರ್ಚ್ ಹಿಡಿದು ನೋಡಿದೆ. ಕೆಂಪಮ್ಮ ಕಲ್ಲು ಹತ್ತಿ, ಬಾಯಲ್ಲಿ ಕಚ್ಚಿ ತಂದ ಒಂದು ಉಂಡೆ ನಾರನ್ನು ಹೊಸ ಬಟ್ಟಲಿನೊಳಕ್ಕೆ ಇಳಿಸುತ್ತಿದ್ದಳು.