ಹಿಮ ನೋಡೋದೇ ಬೇರೆ, ಹಿಮದಲ್ಲಿ ಬಾಳೋದೇ ಬೇರೆ!

ಬೆಳ್ಳಿತೆರೆಯ ಮೇಲೆ ಹಿಮ ಎಂದರೆ ಏನು ಹೇಳಿ? ತೆಳುಸೀರೆಯ ನಾಯಕಿ, ಸ್ವೆಟರ್ ತೊಟ್ಟ ನಾಯಕ, ಒಂದು ಡ್ಯೂಯೆಟ್ಟು! 1964ರ 'ಕಾಶ್ಮೀರ್ ಕಿ ಕಲಿ'ಯಲ್ಲಿ ಶಮ್ಮಿ ಕಪೂರ್ ದಾಲ್ ಸರೋವರದ ಶಿಕಾರಾದಲ್ಲಿ ಕುಣಿದದ್ದೇ ಕುಣಿದದ್ದು, ಕಾಶ್ಮೀರ ಎಂದರೆ ನಮ್ಮ ಕಣ್ಣಿಗೆ ಅಷ್ಟೇ ಆಗಿಬಿಟ್ಟಿತು. ಈ ಜನವರಿಯಲ್ಲಿ ಒಂದು ವಾರ ಶ್ರೀನಗರದಲ್ಲಿದ್ದ ನನಗೆ ಕಂಡದ್ದು ಹಾಡಿಲ್ಲದ ಹಿಮ.

ಡಿಸೆಂಬರ್ 21ರಿಂದ 40 ದಿನದ ಕಡುಚಳಿಗೆ ಅಲ್ಲಿನವರು 'ಚಿಲ್ಲೈ ಕಲಾನ್' ಅಂತಾರೆ. ಆಮೇಲೆ 20 ದಿನ 'ಚಿಲ್ಲೈ ಖುರ್ದ್', ಕೊನೆಗೆ 10 ದಿನ 'ಚಿಲ್ಲೈ ಬಚ್ಚಾ'. ಚಳಿಗೂ ದೊಡ್ಡವನು, ಚಿಕ್ಕವನು, ಮರಿ ಅಂತ ಉಂಟು ನೋಡಿ!

ನಾನು ಉಳಿದದ್ದು ಹಳೇ ಪೇಟೆಯ ಒಂದು ಮನೆಯಲ್ಲಿ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಹನಿ ನೀರಿಲ್ಲ, ಪೈಪಿನೊಳಗೇ ಹೆಪ್ಪುಗಟ್ಟಿದೆ! ಮನೆಯಾಕೆ ಅದಕ್ಕೆ ಬಿಸಿನೀರು ಹುಯ್ಯುತ್ತಾರೆ. ಯಜಮಾನರು ಮಾಡಿನ ಹಿಮವನ್ನು ಸಲಿಕೆಯಿಂದ ಎಳೆದು ಕೆಡವುತ್ತಾರೆ. ಎಲ್ಲರ ಮೈಮೇಲೂ ಫಿರನ್ ಎಂಬ ಉದ್ದನೆಯ ನಿಲುವಂಗಿ. ಅದರೊಳಗೆ ಕಾಂಗ್ಡಿ, ಅಂದರೆ ಹೆಣೆದ ಬುಟ್ಟಿಯಲ್ಲಿಟ್ಟ ಕೆಂಡದ ಕುಡಿಕೆ. ಕುಡಿಯಲು ಗುಲಾಬಿ ಬಣ್ಣದ ಉಪ್ಪಿನ ಚಹಾ. ಮೊದಲ ಗುಟುಕಿಗೆ ಮುಖ ಕಿವುಚಿದೆ, ಮೂರನೇ ದಿನ ನಾನೇ ಕೇಳಿ ಕುಡಿದೆ!

ಊಟಕ್ಕೆ ಬೇಸಿಗೆಯಲ್ಲಿ ಒಣಗಿಸಿಟ್ಟ ಬದನೆ, ಸೋರೆ, ಟೊಮ್ಯಾಟೊ. ಮಳೆಗಾಲಕ್ಕೆ ನಮ್ಮಜ್ಜಿ ಹಪ್ಪಳ-ಸಂಡಿಗೆ ಕೂಡಿಟ್ಟ ಹಾಗೆ. ಹಿಮ ಬಿದ್ದು ಗುಡ್ಡ ಕುಸಿದರೆ ಜಮ್ಮು ಹೆದ್ದಾರಿ ಬಂದ್. ತರಕಾರಿ ಲಾರಿ ಬರೋಲ್ಲ, ಬಂದದ್ದಕ್ಕೆ ಬೆಲೆ ಕೇಳೋ ಹಾಗಿಲ್ಲ.

ಆ ಮನೆಯ ಮಗನೂ ಲಾರಿ ಡ್ರೈವರೇ. ರಾಂಬನ್ ಹತ್ತಿರ ಸಿಕ್ಕಿಬಿದ್ದು ಮೂರು ದಿನ, ಫೋನೂ ಇಲ್ಲ. ಆ ಮೂರು ರಾತ್ರಿಯೂ ಯಜಮಾನರು ಮಲಗಲಿಲ್ಲ.

"ಬೇಟಾ, ಹಿಮ ಬೀಳದಿದ್ದರೆ ಬೇಸಿಗೆಗೆ ನೀರಿಲ್ಲ, ಗಿಡದಲ್ಲಿ ಸೇಬಿಲ್ಲ. ಬಿದ್ದರೆ ಮಗ ಮನೆಗಿಲ್ಲ. ದೇವರಲ್ಲಿ ಏನಂತ ಬೇಡಲಿ?" ಅಂದರು. ನನ್ನ ಬಾಯಲ್ಲಿ ಮಾತೇ ಹೊರಡಲಿಲ್ಲ.

ಮನಸ್ಸು ಹಗುರವಾಗಲೆಂದು ಸಿನಿಮಾ ಮಾತು ತೆಗೆದೆ. ದೇಶಕ್ಕೆಲ್ಲ ಹಾಡಿನ ಸೀನು ಕೊಟ್ಟ ಊರು ಸ್ವಾಮಿ! ಆದರೆ 1990ರ ಹೊತ್ತಿಗೆ ಟಾಕೀಸುಗಳು ಮುಚ್ಚಿದವು. ಮತ್ತೆ ತೆರೆದ ಒಂದೆರಡೂ ನಿಲ್ಲಲಿಲ್ಲ. ಮಲ್ಟಿಪ್ಲೆಕ್ಸ್ ಬಂದದ್ದು 2022ರ ಸೆಪ್ಟೆಂಬರಿನಲ್ಲಿ. "ನಮ್ಮ ಹಿಮವನ್ನ ನೀವೆಲ್ಲ ನೋಡಿದಿರಿ, ನಮ್ಮ ಮಕ್ಕಳು ಪರದೆಯನ್ನೇ ನೋಡಲಿಲ್ಲ" ಎಂದು ನಕ್ಕರು.

ನಾಲ್ಕನೇ ದಿನ ಫೋನ್ ಬಂತು. ರಸ್ತೆ ತೆರೆದಿದೆ, ಮಗ ಹೊರಟಿದ್ದಾನೆ! ಮನೆಯಾಕೆ ಒಂದು ಮಾತೂ ಆಡದೆ ಒಳಗೆ ಹೋಗಿ ಇನ್ನೊಂದು ಹಿಡಿ ಒಣಬದನೆ ನೆನೆಹಾಕಿದರು.