ಮೂರನೇ ಭಾಗ

ಮೈಸೂರು ಬ್ಯಾಂಕ್ ಸರ್ಕಲ್ ಕಡೆಯಿಂದ ಅವೆನ್ಯೂ ರಸ್ತೆಗೆ ಕಾಲಿಟ್ಟ ಕೂಡಲೇ ಒಂದು ಪ್ರಶ್ನೆ ಅಡ್ಡ ಬರುತ್ತದೆ: "ಯಾವ ಸೆಮ್ ಸಾರ್?" (ಮೈಸೂರು ಬ್ಯಾಂಕು 2017ರಲ್ಲೇ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಸರ್ಕಲ್ಲಿಗೆ ಮಾತ್ರ ಇನ್ನೂ ಯಾರೂ ತಿಳಿಸಿಲ್ಲ.) ನನ್ನ ತಲೆ ಮುಕ್ಕಾಲು ನರೆತಿದೆ. ಆದರೂ ಹಳೆ ಪುಸ್ತಕದಂಗಡಿಯ ಹುಡುಗರಿಗೆ ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಎಷ್ಟೋ ವರ್ಷದಿಂದ ಪಾಸಾಗದೆ ಉಳಿದವನು ಎಂದುಕೊಂಡಿರಬೇಕು.

"ಸೆಮ್ ಅಲ್ಲಪ್ಪ. ಕಾರಂತರ ವಿಜ್ಞಾನ ಪ್ರಪಂಚ, ಮೂರನೇ ಭಾಗ."

"ಕಾರಂತ್ ಅಂತ ಆಥರ್ರಾ? ವಿಟಿಯುನಾ, ಪಾಲಿಟೆಕ್ನಿಕ್ಕಾ?"

ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ' ಬರೆದವರು. ಅಷ್ಟಕ್ಕೇ ಸುಮ್ಮನಾಗದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಬರೆದರು. ನಮ್ಮ ಸೋದರಮಾವನ ಕಪಾಟಿನಿಂದ ನನಗೆ ಬಂದದ್ದು ಒಂದು, ಎರಡು, ನಾಲ್ಕು. ಮೂರನೆಯದನ್ನು ಯಾರೋ "ಓದಿ ಕೊಡ್ತೀನಿ" ಎಂದು ಒಯ್ದರಂತೆ. ಕನ್ನಡದಲ್ಲಿ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ಹೊಸ ಮುದ್ರಣ ಸಿಕ್ಕರೂ ನನಗೆ ಬೇಡ. ಆ ಮೂರರ ನಡುವೆ ಕೂರಬೇಕಾದ ಹಳೆಯದೇ ಬೇಕು. ಹುಚ್ಚು ಅಂದರೆ ಅನ್ನಿ.

ಅವೆನ್ಯೂ ರಸ್ತೆ ಎಂಬುದು ಹಳೆಯ ದೊಡ್ಡಪೇಟೆ. ಇದೂ ಚಿಕ್ಕಪೇಟೆಯೂ ಕೂಡುವ ಕಡೆ ನಿಂತು ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದರೆಂದು ಪ್ರತೀತಿ. ಈಗ ಅಲ್ಲಿ ನೇಗಿಲಿರಲಿ, ಸೈಕಲ್ ತಿರುಗಿಸುವುದೂ ಕಷ್ಟ. ಇಲ್ಲಿ ಪುಸ್ತಕಕ್ಕೆ ಕಪಾಟಿಲ್ಲ, ಗೋಡೆಗಳಿವೆ. ಪುಸ್ತಕಗಳೇ ಇಟ್ಟಿಗೆ. ಗೋಡೆಯ ನಡುವಿಂದ ಬೇಕಾದ ಒಂದನ್ನು ಎಳೆಯುವುದೇ ಒಂದು ವಿದ್ಯೆ: ಹುಡುಗ ಎಡ ಮೊಣಕೈಯಲ್ಲಿ ಮೇಲಿನ ಹತ್ತನ್ನು ಒತ್ತಿ ಹಿಡಿದು, ಬಲಗೈಯಿಂದ ಬೆನ್ನಿಗೆ ಎರಡು ಸಲ ತಟ್ಟಿ, ಸರಕ್ಕನೆ ಜಗ್ಗುತ್ತಾನೆ. ಗೋಡೆ ಒಮ್ಮೆ ಕುಸಿದಂತೆ ಮಾಡಿ ಮತ್ತೆ ಕೂರುತ್ತದೆ. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಅವನ ಬೆಲೆ; ನಮ್ಮ ಬೆಲೆ ಅದರ ಕೆಳಗೆಲ್ಲೋ ಇರುತ್ತದೆ.

ಗಣಿತ, ಅಕೌಂಟೆನ್ಸಿಗಳ ಸಂದಿಯಲ್ಲಿ ಕನ್ನಡ ಸಾಹಿತ್ಯ ದಾರಿ ತಪ್ಪಿದ ನೆಂಟನ ಹಾಗೆ ಸಿಗುತ್ತದೆ. ಸಿಕ್ಕಾಗ ಬಿಡಬಾರದು. ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುವ ಭಾಷೆ ನಮ್ಮದು. ಅದು ಮುಗಿದರೆ ಮರುಮುದ್ರಣ ದೇವರ ಇಚ್ಛೆ. ಆಮೇಲೆ ಆ ಪುಸ್ತಕ ಬದುಕುವುದು ಇಂಥ ಗೋಡೆಗಳ ಸಂದಿಯಲ್ಲೇ.

ಮೂರನೇ ಭಾಗ ಹುಡುಕುತ್ತ ಚರ್ಚ್ ಸ್ಟ್ರೀಟಿಗೂ ಹೋಗಿದ್ದೇನೆ. ಅದು ಬೇರೆಯೇ ಲೋಕ, ಇಂಗ್ಲಿಷಿನ ಸೀಮೆ. ಆದರೂ ಅಲ್ಲಿನ ದೊಡ್ಡ ಅಂಗಡಿ ಬ್ಲಾಸಮ್ ಹುಟ್ಟಿದ್ದು, ಎಂಜಿನಿಯರಿಂಗ್ ಓದಿದ ಮಾಯಿಗೌಡರು ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಮಾರಿದ್ದರಿಂದ ಎಂಬುದು ನನಗೆ ಖುಷಿಯ ಸಂಗತಿ. ಹತ್ತಿರದ ಬ್ರಿಗೇಡ್ ರಸ್ತೆಯ ಸಂದಿಯಲ್ಲಿ 1945ರಲ್ಲಿ ಶುರುವಾದ ಸೆಲೆಕ್ಟ್ ಇದೆ. ಇಲ್ಲದಿರುವುದು ಪ್ರೀಮಿಯರ್. ಕುಂದಾಪುರದ ಕಡೆಯ ಟಿ.ಎಸ್. ಶಾನಭಾಗರು 1971ರಲ್ಲಿ ತೆರೆದ ಆ ಪುಟ್ಟ ಅಂಗಡಿಯಲ್ಲೂ ಗೋಡೆಗಳೇ. ಕಂಪ್ಯೂಟರ್ ಇಲ್ಲದೆ, ಯಾವ ಪುಸ್ತಕ ಯಾವ ರಾಶಿಯ ಎಷ್ಟನೆಯದು ಎಂದು ಅವರಿಗೆ ಗೊತ್ತಿತ್ತು. 2009ರಲ್ಲಿ ಬಾಗಿಲು ಹಾಕಿದರು. 2021ರಲ್ಲಿ ಕೋವಿಡ್ ಅವರನ್ನೂ ಕರೆದುಕೊಂಡು ಹೋಯಿತು. ಊರಿಗೆ ಊರೇ ಹಲುಬಿತು. ಹಲುಬಿದವರಲ್ಲಿ ಎಷ್ಟು ಮಂದಿ ಕೊನೆಯ ವರ್ಷಗಳಲ್ಲಿ ಅಲ್ಲಿ ಪುಸ್ತಕ ಕೊಂಡಿದ್ದರೋ!

ಕೇಳುವ ಯೋಗ್ಯತೆ ನನಗೂ ಇಲ್ಲ. ಅಂಗಡಿಯೊಂದರಲ್ಲಿ ಅರ್ಧ ಗಂಟೆ ಪುಸ್ತಕ ತಿರುವಿ, ಹಿಂಬದಿಯ ಬೆಲೆ ನೋಡಿ, ಕಂಬದ ಮರೆಗೆ ಸರಿದು ಮೊಬೈಲಿನಲ್ಲಿ ಎಂಬತ್ತು ರೂಪಾಯಿ ಕಡಿಮೆಗೆ ತರಿಸಿದ ಮಹಾನುಭಾವ ನಾನು. ತಲೆ ಎತ್ತಿದರೆ ಮಾಲೀಕರು ನೋಡುತ್ತಿದ್ದರು. ಬೈಯಲಿಲ್ಲ. "ಫ್ಯಾನ್ ಹಾಕಲಾ ಸಾರ್, ಸೆಕೆ ಇದೆ" ಅಂದರು. ಎಂಬತ್ತು ರೂಪಾಯಿ ಉಳಿಸಿದ್ದಕ್ಕೆ ಇವತ್ತಿಗೂ ಆ ಫ್ಯಾನಿನ ಗಾಳಿ ಬಡಿಯುತ್ತದೆ.

ಆದರೆ ಹಳೆ ಪುಸ್ತಕದಂಗಡಿಯ ನಿಜವಾದ ಶತ್ರು ಮೊಬೈಲಲ್ಲ, ರದ್ದಿಯವನ ತಕ್ಕಡಿ. ಹೊಸ ಅಂಗಡಿಗೆ ಪ್ರಕಾಶಕರು ಪುಸ್ತಕ ಕಳಿಸುತ್ತಾರೆ. ಹಳೆ ಅಂಗಡಿಗೆ ಕಳಿಸಬೇಕಾದವರು ನಾವು. ನಾವೋ, ಮನೆ ಬದಲಿಸುವಾಗ, ಅಜ್ಜ ತೀರಿಕೊಂಡಾಗ, ಗೋಣಿಚೀಲಕ್ಕೆ ತುಂಬಿ ಕಿಲೋ ಲೆಕ್ಕದಲ್ಲಿ ತೂಗಿಸಿಬಿಡುತ್ತೇವೆ. ಅಲ್ಲಿ ಕುಮಾರವ್ಯಾಸನಿಗೂ ಟೆಲಿಫೋನ್ ಡೈರೆಕ್ಟರಿಗೂ ಒಂದೇ ರೇಟು, ಡೈರೆಕ್ಟರಿ ದಪ್ಪವಿದ್ದಷ್ಟು ಲಾಭ.

ಕಳೆದ ತಿಂಗಳು ಅವೆನ್ಯೂ ರಸ್ತೆಯ ಹುಡುಗ ದೂರದಿಂದಲೇ ಕೈ ಬೀಸಿದ. "ಸಾರ್, ನಿಮ್ ಕಾರಂತ್ ಬಂದಿದೆ!" ಓಡಿದೆ. ಗೋಡೆಯಿಂದ ಜಗ್ಗಿ, ತೊಡೆಗೆ ಬಡಿದು ಧೂಳು ಕೊಡವಿ ಕೈಗಿಟ್ಟ. ವಿಜ್ಞಾನ ಪ್ರಪಂಚವೇ. ಎರಡನೇ ಭಾಗ. ಅವನ ಮುಖ ನೋಡಿ ಇಲ್ಲವೆನ್ನಲಾಗದೆ, ಚೌಕಾಸಿಯನ್ನೂ ಮಾಡದೆ ಕೊಂಡೆ. ಈಗ ನನ್ನಲ್ಲಿ ಎರಡು ಎರಡನೇ ಭಾಗಗಳಿವೆ.

ನಿಮ್ಮ ಅಟ್ಟದಲ್ಲಿ ಮೂರನೆಯದು ಒಂಟಿಯಾಗಿ ಕೂತಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅವೆನ್ಯೂ ರಸ್ತೆಯ ಯಾವುದಾದರೂ ಗೋಡೆಗೆ ಕೊಡಿ. ನಾನು ಶನಿವಾರ ಅಲ್ಲೇ ಇರುತ್ತೇನೆ.